ಬಟಾಬಯಲಲ್ಲಿ ನಾಲ್ಕನೆಯ ಮರಿ

ಮೇ ತಿಂಗಳ ಮಟಮಟ ಮಧ್ಯಾಹ್ನ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕಡೆ ಬೀಳು ಹೊಲದಲ್ಲಿ ಬರಿಗಾಲಲ್ಲಿ ನಿಂತು ನೋಡಿ, ಒಂದು ನಿಮಿಷ ತಡೆಯುವುದಿಲ್ಲ. ಗಾಳಿಯ ಉಷ್ಣತೆ 38 ಡಿಗ್ರಿ ಇರುವ ದಿನ ನೆಲದ ಮೇಲ್ಮೈ 50 ಡಿಗ್ರಿಯನ್ನೂ ದಾಟಿರುತ್ತದೆ. ಸುತ್ತ ಇರುವುದು ಗರಸು ಮಣ್ಣು, ಒಣಗಿ ಮುರಿದ ಹುಲ್ಲು, ಕುರಿ ಹಿಂಡು ಹೋದ ಗುರುತಿಗೆ ಒಂದಷ್ಟು ಹಿಕ್ಕೆ. ಮೊಟ್ಟೆ ಇಡಲು ಇದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಆದರೂ ಕೆಂಪು ಟಿಟ್ಟಿಭ ಇಂಥ ಜಾಗವನ್ನೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ.

ಟಿಟ್ಟಿಭವನ್ನು ನೀವು ನೋಡಿರದಿದ್ದರೂ ಕೇಳಿಯಂತೂ ಇರುತ್ತೀರಿ. ಕೆರೆಯಂಗಳದಲ್ಲೋ ಹೊಲದ ಬದುವಿನಲ್ಲೋ ನಡೆದು ಹೋಗುವಾಗ ತಲೆಯ ಮೇಲೆ ಸುತ್ತು ಹಾಕುತ್ತಾ, ಊರಿಗೆಲ್ಲ ಕೇಳುವಂತೆ ಟೀ-ಟಿ-ಟಿಟ್ಟಿ ಎಂದು ಅರಚುವ ಹಕ್ಕಿ ಅದೇ. ತೇನೆ ಹಕ್ಕಿ ಎಂದೂ ಹೇಳುತ್ತಾರೆ. ಕಪ್ಪು ತಲೆ, ಕಪ್ಪು ಎದೆ, ಕೆನ್ನೆಯಿಂದ ಕತ್ತಿನ ಪಕ್ಕಕ್ಕೆ ಇಳಿದ ಬಿಳಿ ಪಟ್ಟಿ, ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮದ ತುಣುಕು. ಕೊಕ್ಕಿನಿಂದ ಬಾಲದ ತುದಿಗೆ ಒಂದಡಿಗಿಂತ ತುಸು ಹೆಚ್ಚು. ಇದರ ಹಿಂಬೆರಳು ಬಲು ಚಿಕ್ಕದು, ಕೊಂಬೆಯನ್ನು ಬಿಗಿಯಾಗಿ ಹಿಡಿಯಲು ಬಾರದು. ಹಾಗಾಗಿ ಮರದ ಮೇಲೆ ಗೂಡು ಕಟ್ಟುವ ಮಾತೇ ಇಲ್ಲ. ಮೇಯುವುದು, ಮಲಗುವುದು, ಮರಿ ಮಾಡುವುದು ಎಲ್ಲವೂ ನೆಲದಲ್ಲೇ.

ಗೂಡು ಎಂದೆನಲ್ಲ, ಅದನ್ನು ಗೂಡು ಎನ್ನಲು ಧೈರ್ಯ ಬೇಕು. ಕಾಲಿನಿಂದ ಕೆರೆದು ಮಾಡಿದ, ಅಂಗೈಯಗಲದ ಒಂದು ತಗ್ಗು. ಸುತ್ತ ನಾಲ್ಕಾರು ಹರಳುಕಲ್ಲು, ಆಡಿನ ಇಲ್ಲವೇ ಮೊಲದ ಹಿಕ್ಕೆ. ನಡುವೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಚಿಪ್ಪು, ಅದರ ಮೇಲೆ ಅಡ್ಡಾದಿಡ್ಡಿಯಾಗಿ ಕಪ್ಪು ಮಚ್ಚೆ. ಒಂದೊಂದೂ ಸುಮಾರು 42 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ದಪ್ಪ. ಬುಗುರಿಯ ಹಾಗೆ ಒಂದು ತುದಿ ಚೂಪು. ನಾಲ್ಕೂ ಚೂಪು ತುದಿಗಳು ತಗ್ಗಿನ ನಡುವಿಗೆ ಸೇರುವಂತೆ ಜೋಡಿಸಿರುತ್ತವೆ. ಹೀಗೆ ಜೋಡಿಸಿದರೆ ಮೊಟ್ಟೆಗಳು ಕಡಿಮೆ ಜಾಗದಲ್ಲಿ ಒತ್ತಾಗಿ ಕೂರುತ್ತವೆ, ಕಾವಿಗೆ ಕೂತ ಹಕ್ಕಿಯ ಮೈ ನಾಲ್ಕನ್ನೂ ಮುಚ್ಚುತ್ತದೆ. ಗಾತ್ರದಲ್ಲಿ ಅಷ್ಟೇನೂ ದೊಡ್ಡದಲ್ಲದ ಹಕ್ಕಿಗೆ ಇದು ಸಣ್ಣ ಅನುಕೂಲವಲ್ಲ.

ಮೊಟ್ಟೆಯ ಬಣ್ಣ ನೆಲಕ್ಕೆ ಎಷ್ಟು ಹೊಂದಿಕೊಳ್ಳುತ್ತದೆ ಎನ್ನುವುದಕ್ಕೆ ಇದರ ದಾಯಾದಿ ಹಳದಿ ಟಿಟ್ಟಿಭವನ್ನು ನೋಡಬೇಕು. ಮಲಬಾರಿನ ಕರಾವಳಿಯ ಕೆಂಪು ಮುರಕಲ್ಲಿನ ನೆಲದಲ್ಲಿ ಅದರ ಕೆಲವು ಮೊಟ್ಟೆಗಳು ಕೆಂಪು ಬಣ್ಣದವೇ ಆಗಿರುತ್ತವೆ. ಯಾರೂ ಬಣ್ಣ ಬಳಿದದ್ದಲ್ಲ. ನೆಲಕ್ಕೆ ಹೊಂದದ ಮೊಟ್ಟೆಯನ್ನು ಕಾಗೆ ಕಂಡು ತಿಂದಿತು, ಹೊಂದಿದ್ದು ಉಳಿದು ಮರಿಯಾಯಿತು. ಇದೇ ಲೆಕ್ಕ ಸಾವಿರಾರು ತಲೆಮಾರು ನಡೆದರೆ ಮೊಟ್ಟೆಯೇ ನೆಲದ ಬಣ್ಣಕ್ಕೆ ತಿರುಗುತ್ತದೆ.

ಈ ನಾಲ್ಕು ಮೊಟ್ಟೆಗಳಲ್ಲಿ ಕೊನೆಗೆ ಇಟ್ಟದ್ದರ ಬೆನ್ನು ಹತ್ತೋಣ. ಹೆಸರು ಬೇಡ, ‘ನಾಲ್ಕನೆಯದು’ ಎಂದರೆ ಸಾಕು. ಅದು ಒಂದೇ ಒಂದು ಹಕ್ಕಿಯ ಕಥೆಯಲ್ಲ. ಮಾರ್ಚಿನಿಂದ ಆಗಸ್ಟಿನವರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಗಳಲ್ಲಿ ಹುಟ್ಟುವ ಯಾವ ಟಿಟ್ಟಿಭದ ಮರಿಯ ಪಾಡೂ ಹೆಚ್ಚುಕಡಿಮೆ ಇದೇ.

ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಕೆಲವು ದಿನಗಳ ಅಂತರ. ಮೊದಲನೆಯದು ಬಿದ್ದ ಕೂಡಲೇ ಸರಿಯಾಗಿ ಕಾವು ಕೊಡಲು ಶುರು ಮಾಡಿದರೆ ಮರಿಗಳೂ ಅದೇ ಅಂತರದಲ್ಲಿ ಹೊರಬರಬೇಕಾಗುತ್ತದೆ. ಆಗ ದೊಡ್ಡದರ ಹಿಂದೆ ಓಡುವುದೋ, ಮೊಟ್ಟೆಯಲ್ಲಿರುವುದನ್ನು ಕಾಯುವುದೋ ಎಂದು ತಾಯಿಗೆ ಪೇಚಾಟ. ಅದಕ್ಕೇ ನಾಲ್ಕೂ ಆದ ಮೇಲೆಯೇ ಪೂರ್ತಿ ಕಾವು ಶುರು. ಅಲ್ಲಿಂದ 28ರಿಂದ 30 ದಿನ.

ಕಾವು ಎಂದರೆ ಬಿಸಿ ಕೊಡುವುದು ಎಂದು ನಾವು ತಿಳಿದಿದ್ದೇವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಹಗಲು ಹೊತ್ತಿನ ಕೆಲಸ ಅದಕ್ಕೆ ತದ್ವಿರುದ್ಧ, ಮೊಟ್ಟೆ ಬೇಯದಂತೆ ನೋಡಿಕೊಳ್ಳುವುದು. ಒಳಗಿನ ಜೀವಕ್ಕೆ ಹಿತವಾದ ಉಷ್ಣತೆ 37-38 ಡಿಗ್ರಿಯ ಆಸುಪಾಸು. 40 ದಾಟಿ ಹೆಚ್ಚು ಹೊತ್ತು ನಿಂತರೆ ಅಪಾಯ. ಹಕ್ಕಿ ಎದ್ದು ಹೋಗಿ ನೇರ ಬಿಸಿಲು ಬಿದ್ದರೆ ಆ ಮಟ್ಟಕ್ಕೆ ಏರಲು ಬಹಳ ಹೊತ್ತು ಬೇಕಿಲ್ಲ. ಹಾಗಾಗಿ ತಂದೆ ತಾಯಿ ಪಾಳಿ ಹಾಕಿಕೊಳ್ಳುತ್ತವೆ. ಹೊತ್ತು ನೆತ್ತಿಗೇರಿದಾಗ ಗಂಡು ಬಂದು ಹೆಣ್ಣನ್ನು ಬಿಡಿಸುವುದನ್ನು ಪಕ್ಷಿವೀಕ್ಷಕರು ಗುರುತಿಸಿದ್ದಾರೆ. ಬಿಸಿಲು ತೀರ ಹೆಚ್ಚಾದಾಗ ಹಕ್ಕಿ ಮೊಟ್ಟೆಯ ಮೇಲೆ ಕೂರದೆ, ರೆಕ್ಕೆ ತುಸು ಬಿಡಿಸಿ, ಬಾಯಿ ತೆರೆದು ಏದುಸಿರು ಬಿಡುತ್ತಾ ನೆರಳಾಗಿ ನಿಲ್ಲುತ್ತದೆ.

ಇನ್ನೂ ಒಂದು ಉಪಾಯ ಅದಕ್ಕೆ ಗೊತ್ತು. ಹಾರಿ ಹೋಗಿ ನೀರಿನಲ್ಲಿ ನಿಂತು, ಹೊಟ್ಟೆಯ ಗರಿಗಳನ್ನು ಚೆನ್ನಾಗಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಒದ್ದೆ ಗರಿಯಿಂದ ನೀರು ಆರುವಾಗ ಮೊಟ್ಟೆಯೂ ತಣಿಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವುದೂ ಇದೇ ಭೌತವಿಜ್ಞಾನದಿಂದ: ದ್ರವ ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಮೇ ತಿಂಗಳಲ್ಲಿ ಈ ಸೀಮೆಯ ಕೆರೆಗಳಲ್ಲಿ ನೀರೆಲ್ಲಿ ಎಂದು ಕೇಳುತ್ತೀರಾ? ದನದ ತೊಟ್ಟಿಯ ಪಕ್ಕದ ಕೆಸರು, ಕೊಳವೆಬಾವಿಯ ಪೈಪು ಸೋರಿ ನಿಂತ ಒಂದು ಬೊಗಸೆ ನೀರು, ಅಷ್ಟಾದರೂ ಆದೀತು.

ಕಾವಿನ ಕೊನೆಯ ಒಂದೆರಡು ದಿನ ಮೊಟ್ಟೆಯೊಳಗಿಂದ ಸದ್ದು ಬರುತ್ತದೆ. ಮರಿ ಇನ್ನೂ ಹೊರಗೆ ಬಂದಿಲ್ಲ, ಆಗಲೇ ಮಾತು ಶುರು. ಒಳಗಿನ ಮರಿಗಳು ಒಂದರ ಸದ್ದು ಇನ್ನೊಂದು ಕೇಳಿಸಿಕೊಳ್ಳುತ್ತವೆಯೇ? ಕೇಂಬ್ರಿಜ್‌ನ ಮಾರ್ಗರೆಟ್ ವಿನ್ಸ್ 1960ರ ದಶಕದಲ್ಲಿ ಲಾವಕ್ಕಿಯ ಮೊಟ್ಟೆಗಳನ್ನಿಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಒಂದಕ್ಕೊಂದು ತಾಗಿಸಿ ಇಟ್ಟ ಮೊಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆದವು, ದೂರ ಇಟ್ಟವು ಹಿಂದುಮುಂದಾದವು. ಮುಂದಿದ್ದ ಮರಿಗಳ ಟಿಕ್ ಟಿಕ್ ಸದ್ದು ಹಿಂದೆ ಬಿದ್ದವನ್ನು ಅವಸರಪಡಿಸುತ್ತಿತ್ತು. ನೆಲದಲ್ಲಿ ಹುಟ್ಟಿ ಕೂಡಲೇ ಜಾಗ ಬಿಡಬೇಕಾದ ಮರಿಗಳಿಗೆ ಜೊತೆಯಾಗಿ ಹೊರಬರುವುದು ಜೀವ ಉಳಿಸುವ ವಿಷಯ.

ನಮ್ಮ ನಾಲ್ಕನೆಯದು ಕೊಕ್ಕಿನ ತುದಿಯ ಗಟ್ಟಿ ಮುಳ್ಳಿನಿಂದ, ಅಂದರೆ ಮೊಟ್ಟೆಹಲ್ಲಿನಿಂದ, ಚಿಪ್ಪನ್ನು ಒಳಗಿನಿಂದ ಕುಟ್ಟಿ ಬಿರುಕು ಬಿಡಿಸಿ ಹೊರಬಿತ್ತು. ಮೈ ಒದ್ದೆ, ಕಾಲು ನಡುಗುತ್ತಿದೆ. ಆದರೆ ಕಣ್ಣು ತೆರೆದಿದೆ, ಮೈತುಂಬ ತುಪ್ಪಳವಿದೆ. ಕಾಗೆಯ ಮರಿಯನ್ನೋ ಗೊರವಂಕದ ಮರಿಯನ್ನೋ ನೆನೆಸಿಕೊಳ್ಳಿ, ಮೈಮೇಲೆ ನೂಲಿಲ್ಲದೆ, ಕಣ್ಣು ಮುಚ್ಚಿ, ಬಾಯಿ ಮಾತ್ರ ತೆರೆದು ಗೂಡಿನಲ್ಲಿ ಬಿದ್ದಿರುತ್ತದೆ. ಈ ವ್ಯತ್ಯಾಸದ ಗುಟ್ಟು ಹಳದಿ ಭಾಗದಲ್ಲಿದೆ. ಗೂಡಿನಲ್ಲಿ ಕೂತು ತಿನ್ನುವ ಮರಿಗಳ ಮೊಟ್ಟೆಯಲ್ಲಿ ಹಳದಿ ಭಾಗ ಸುಮಾರು ಐದನೇ ಒಂದು ಪಾಲು. ಹುಟ್ಟಿದ ಕೂಡಲೇ ಓಡುವ ಮರಿಗಳ ಮೊಟ್ಟೆಯಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬುತ್ತಿ ದೊಡ್ಡದಾದ್ದರಿಂದ ಮೊಟ್ಟೆಯೊಳಗೇ ಹೆಚ್ಚು ದಿನ ಬೆಳೆಯಲು ಸಾಧ್ಯ. ಹೊರಬಂದ ಮೇಲೂ ಆ ಬುತ್ತಿಯಲ್ಲಿ ಸ್ವಲ್ಪ ಮರಿಯ ಹೊಟ್ಟೆಯೊಳಗೆ ಉಳಿದಿರುತ್ತದೆ. ಮೊದಲ ದಿನ ಹೊಟ್ಟೆಗೆ ಏನೂ ಬೀಳದಿದ್ದರೂ ಸಾಯುವುದಿಲ್ಲ.

ಮರಿ ಮೈ ಒಣಗಿಸಿಕೊಳ್ಳುತ್ತಿರುವಾಗ ತಾಯಿ ಒಡೆದ ಚಿಪ್ಪಿನ ತುಂಡುಗಳನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಒಯ್ದು ಹಾಕುತ್ತದೆ. ಇಷ್ಟು ಅಪಾಯದ ಹೊತ್ತಿನಲ್ಲಿ ಕಸ ತೆಗೆಯುವ ಚಿಂತೆ ಏಕೆ? ಚಿಪ್ಪಿನ ಹೊರಮೈ ಮಣ್ಣಿನ ಬಣ್ಣವಾದರೂ ಒಳಮೈ ಅಚ್ಚ ಬಿಳಿ. ನಿಕೊ ಟಿನ್‌ಬರ್ಗನ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಕಡಲ ತೀರದಲ್ಲಿ ಕಪ್ಪುತಲೆಯ ಕಡಲಕ್ಕಿಗಳ ಮೊಟ್ಟೆಗಳನ್ನು ಹರಡಿ, ಅವುಗಳ ಪಕ್ಕ ಬೇರೆ ಬೇರೆ ದೂರದಲ್ಲಿ ಒಡೆದ ಚಿಪ್ಪು ಇಟ್ಟು ನೋಡಿದರು. ಚಿಪ್ಪು ಹತ್ತಿರ ಇದ್ದಷ್ಟೂ ಕಾಗೆಗಳು ಮೊಟ್ಟೆಯನ್ನು ಬೇಗ ಪತ್ತೆ ಹಚ್ಚಿದವು. 1962ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಬೇಕಾದದ್ದು ಒಂದಷ್ಟು ಮೊಟ್ಟೆ, ಬೇಕಾದಷ್ಟು ತಾಳ್ಮೆ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ಟಿನ್‌ಬರ್ಗನ್‌ಗೆ ನೊಬೆಲ್ ಬಂತು. ವಿಜ್ಞಾನಕ್ಕೆ ದುಬಾರಿ ಯಂತ್ರವೇ ಬೇಕೆನ್ನುವವರಿಗೆ ನಾನು ಈ ಪ್ರಯೋಗವನ್ನು ತೋರಿಸುತ್ತೇನೆ.

ಮೈ ಒಣಗಿತು. ಇನ್ನು ನಡಿಗೆ. ಒಂದು ದಿನವೂ ತುಂಬದ ನಾಲ್ಕು ಮರಿಗಳು ತಂದೆ ತಾಯಿಯ ಹಿಂದೆ ಆ ತಗ್ಗನ್ನು ಬಿಟ್ಟು ಹೊರಡುತ್ತವೆ, ಮತ್ತೆ ಅಲ್ಲಿಗೆ ಬರುವುದಿಲ್ಲ. ಇಲ್ಲಿ ಇನ್ನೊಂದು ಸೋಜಿಗ. ಟಿಟ್ಟಿಭದ ತಾಯಿ ಮರಿಯ ಬಾಯಿಗೆ ತುತ್ತು ಇಡುವುದಿಲ್ಲ. ಹುಳ ಇರುವ ಕಡೆಗೆ ಕರೆದೊಯ್ಯುತ್ತದೆ ಅಷ್ಟೇ. ಇರುವೆ, ಗೆದ್ದಲು, ಜೀರುಂಡೆ, ಚಿಕ್ಕ ಮಿಡತೆ, ಯಾವುದು ತಿನ್ನುವಂಥದ್ದು ಎಂದು ಮರಿಯೇ ಕುಕ್ಕಿ ಕುಕ್ಕಿ ಕಲಿಯಬೇಕು. ಚಳಿಯಾದರೆ, ಬಿಸಿಲು ಹೆಚ್ಚಾದರೆ ಓಡಿ ಬಂದು ತಾಯಿಯ ಹೊಟ್ಟೆಯಡಿ ನುಗ್ಗಬಹುದು. ಆಗ ಹೊರಗಿನಿಂದ ನೋಡಿದವರಿಗೆ ಹಕ್ಕಿಗೆ ಹತ್ತು ಕಾಲು ಕಾಣಿಸುತ್ತದೆ.

ಮೇಲೆ ಹದ್ದು ತೇಲಿ ಬಂತು. ತಂದೆ ಚುರುಕಾಗಿ ಕೂಗಿತು. ನಾಲ್ಕನೆಯದು ಇದ್ದಲ್ಲೇ ಕುಸಿಯಿತು.

ಇದನ್ನು ಹತ್ತಿರದಿಂದ ನೋಡಬೇಕು. ನಿಂತಾಗ ಮರಿಯ ಹೊಟ್ಟೆ ಬಿಳಿ, ಕತ್ತಿನ ಹಿಂದೆ ಒಂದು ಬಿಳಿ ಪಟ್ಟಿ, ಎದೆಯ ಮೇಲೆ ಕಪ್ಪು ಪಟ್ಟಿ, ಮೈಗೆ ಹೊಂದದಷ್ಟು ಉದ್ದದ ಕಾಲು; ಎದ್ದು ಕಾಣುವಂಥದ್ದೇ ಎಲ್ಲ. ಕುಸಿದ ಕ್ಷಣ ಕಾಲು ಮಡಚಿ ಮೈಯಡಿ ಹೋಯಿತು. ಹೊಟ್ಟೆ ನೆಲಕ್ಕೆ ಒತ್ತಿಕೊಂಡಿತು. ಕತ್ತು ಒಳಗೆಳೆದುಕೊಂಡಾಗ ಬಿಳಿ ಪಟ್ಟಿ ಮುಚ್ಚಿಹೋಯಿತು. ಮೇಲೆ ಉಳಿದದ್ದು ಬೆನ್ನು ಮಾತ್ರ. ಕಂದು, ಬೂದು, ಕಪ್ಪು ಚುಕ್ಕೆ, ಗರಸು ಮಣ್ಣಿನದೇ ಬಣ್ಣಗಳು. ಮೈ ನೆಲಕ್ಕೆ ಅಂಟಿದ್ದರಿಂದ ನೆರಳೂ ಬೀಳದು. ಬಣ್ಣ ಎಷ್ಟೇ ಹೊಂದಿದರೂ ನೆರಳು ಬಿದ್ದರೆ ಹದ್ದಿನ ಕಣ್ಣಿಗೆ ಸಿಕ್ಕಿಬೀಳುತ್ತದೆ. ಕಣ್ಣು ಮಾತ್ರ ತೆರೆದೇ ಇದೆ. ಇರುವೆ ಮುಖದ ಮೇಲೆ ಹರಿದರೂ ಅಲುಗಾಟವಿಲ್ಲ. ತಂದೆ ತಾಯಿಯ ಕೂಗು ಬದಲಾಗುವವರೆಗೂ ಹಾಗೇ.

ಅತ್ತ ದೊಡ್ಡವು ಸುಮ್ಮನೆ ಕೂತಿರುವುದಿಲ್ಲ. ಕಾಗೆ, ಹದ್ದು ಬಂದರೆ ಹಾರಿ ಎರಗುತ್ತವೆ. ಮುಂಗುಸಿ, ನರಿ ಬಂದರೆ ಒಂದು ಹಕ್ಕಿ ರೆಕ್ಕೆ ಮುರಿದಂತೆ ನೆಲದ ಮೇಲೆ ಹೊರಳಾಡುತ್ತಾ, ಸುಲಭವಾಗಿ ಸಿಗುವ ಬೇಟೆಯ ನಟನೆ ಮಾಡುತ್ತಾ, ಶತ್ರುವನ್ನು ಮರಿಯಿಂದ ದೂರ ಕರೆದೊಯ್ಯುತ್ತದೆ. ಸಾಕಷ್ಟು ದೂರ ಆದ ಮೇಲೆ ಮುರಿದ ರೆಕ್ಕೆ ತಾನೇ ಸರಿಯಾಗುತ್ತದೆ! ದನ, ಕುರಿ ಬಂದರೆ ಬೇರೆ ತಂತ್ರ. ಅವಕ್ಕೆ ಮೊಟ್ಟೆ ತಿನ್ನುವ ಆಸೆಯಿಲ್ಲ, ತುಳಿಯುವುದೇ ಅಪಾಯ. ಅವುಗಳ ಮುಂದೆ ನಟನೆ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಹಕ್ಕಿ ಗೂಡಿನ ಬಳಿಯೇ ರೆಕ್ಕೆ ಅಗಲಿಸಿ, ಅಷ್ಟು ದೊಡ್ಡ ಪ್ರಾಣಿಗೆ ಎದೆಯೊಡ್ಡಿ ನಿಂತು ಕಿರುಚುತ್ತದೆ. ದನ ಬೆದರಿ ಪಕ್ಕಕ್ಕೆ ಸರಿಯುತ್ತದೆ. ಯಾವ ಶತ್ರುವಿಗೆ ಯಾವ ಮದ್ದು ಎಂಬುದು ಈ ಹಕ್ಕಿಗೆ ಚೆನ್ನಾಗಿ ಗೊತ್ತು.

ಪಂಚತಂತ್ರದಲ್ಲಿ ಟಿಟ್ಟಿಭದ ಜೋಡಿಯ ಮೊಟ್ಟೆಗಳನ್ನು ಸಮುದ್ರ ಒಯ್ಯುವ, ಪುಟ್ಟ ಹಕ್ಕಿಗಳು ಸಮುದ್ರದ ಮೇಲೆಯೇ ಜಗಳಕ್ಕೆ ನಿಲ್ಲುವ ಕಥೆ ಇದೆ. ಆಕಾಶ ಬಿದ್ದೀತೆಂದು ಇದು ಕಾಲು ಮೇಲೆತ್ತಿ ಮಲಗುತ್ತದೆ ಎಂದು ಹಿರಿಯರು ನಗೆಯಾಡುತ್ತಿದ್ದರು. ಕಾಲೆತ್ತಿ ಮಲಗುವುದು ಸುಳ್ಳು. ತನಗಿಂತ ನೂರು ಪಟ್ಟು ದೊಡ್ಡವರ ಮೇಲೆ ಜಗಳಕ್ಕೆ ನಿಲ್ಲುವುದು ಮಾತ್ರ ನೂರಕ್ಕೆ ನೂರು ನಿಜ.

ಇಷ್ಟೆಲ್ಲ ಮಾಡಿಯೂ ಎಷ್ಟು ಉಳಿಯುತ್ತವೆ? ದೆಹಲಿ ಮೃಗಾಲಯದ ಆವರಣದಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 43 ಮೊಟ್ಟೆಗಳು ಮುಂಗುಸಿ, ಕಾಗೆ, ಹದ್ದುಗಳಂಥವುಗಳ ಪಾಲಾಗಿ ಹಾಳಾಗಿದ್ದವು. ಹೊರಬಂದ ಮರಿಗಳಲ್ಲಿ ಸತ್ತದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಮೊದಲ ವಾರ ದಾಟಿದ ಮೇಲೆ ಇನ್ನೂ ಕಡಿಮೆ. ಮೊಟ್ಟೆ ಜಾಗ ಬಿಟ್ಟು ಕದಲಲಾರದು, ಮರಿ ಕದಲಬಲ್ಲದು, ಅಗತ್ಯ ಬಿದ್ದಾಗ ಕದಲದೆಯೂ ಇರಬಲ್ಲದು. ಆದರೆ ಅದು ಬೇಲಿ ಇರುವ ಮೃಗಾಲಯ. ಮಧುಗಿರಿಯ ಬೀಳು ಹೊಲಕ್ಕೆ ಅದೇ ಲೆಕ್ಕವನ್ನು ತಂದು ಅಂಟಿಸಲು ನನಗೆ ಮನಸ್ಸಿಲ್ಲ.

ಏಕೆಂದರೆ ನಾಲ್ಕನೆಯದು ಕಲಿತು ಬಂದ ವಿದ್ಯೆ ಒಂದೇ: ಕಾಣದಂತೆ ಇರುವುದು. ಕಣ್ಣಿನಿಂದ ಬೇಟೆಯಾಡುವವರ ಎದುರು ಅದು ಗೆಲ್ಲುತ್ತದೆ. ಇಂದಿನ ಬಯಲಿನ ಶತ್ರುಗಳೋ ನೋಡುವುದೇ ಇಲ್ಲ. ಊರ ನಾಯಿಗಳ ಗುಂಪು ಮೂಗಿನಿಂದ ಹುಡುಕುತ್ತದೆ, ವಾಸನೆಗೆ ಮೈಬಣ್ಣ ಲೆಕ್ಕಕ್ಕಿಲ್ಲ. ಭರಣಿ ಮಳೆ ಬಿದ್ದ ಕೂಡಲೇ ಹೊಲಕ್ಕೆ ಇಳಿಯುವ ಟ್ರ್ಯಾಕ್ಟರು ಯಾರನ್ನೂ ಹುಡುಕುವುದಿಲ್ಲ. ಎತ್ತು ಹೂಡಿ ನೇಗಿಲ ಹಿಂದೆ ನಡೆಯುವವನ ಕಣ್ಣು ನೆಲದ ಮೇಲೆ ಇರುತ್ತಿತ್ತು. ಹಕ್ಕಿ ಎತ್ತಿನ ಮುಂದೆ ರೆಕ್ಕೆ ಬಿಡಿಸಿ ನಿಂತರೆ ಎತ್ತೂ ನಿಲ್ಲುತ್ತಿತ್ತು, ಆಳೂ ನಿಲ್ಲುತ್ತಿದ್ದ. ರೋಟವೇಟರ್ ಎಳೆಯುವ ಟ್ರ್ಯಾಕ್ಟರಿನ ಸೀಟಿನಿಂದ ಅಂಗೈಯಗಲದ ತಗ್ಗು ಕಾಣದು, ಇಂಜಿನ್ನಿನ ಸದ್ದಿನಲ್ಲಿ ಕೂಗೂ ಕೇಳದು. ಮರಿ ಏನು ಮಾಡುತ್ತದೆ? ಅಪಾಯ ಬಂತೆಂದು ತಾಯಿ ಕೂಗುತ್ತದೆ, ಮರಿ ಅಲುಗಾಡದೆ ಕೂರುತ್ತದೆ. ಲಕ್ಷಾಂತರ ವರ್ಷ ಕಾಪಾಡಿದ ಬುದ್ಧಿಯೇ ಅಲ್ಲಿ ಮುಳುವು.

ಇದಕ್ಕೆ ಉಳುವವನನ್ನು ದೂರಿ ಫಲವಿಲ್ಲ, ಮಳೆ ಬಿದ್ದಾಗ ಉಳದಿದ್ದರೆ ಈ ಬರಸೀಮೆಯಲ್ಲಿ ಕಡಲೆಕಾಯಿ ಬೆಳೆಯುವುದು ಯಾವಾಗ? ನನ್ನ ತಕರಾರು ಬೇರೆ. ಮರವಿಲ್ಲದ ನೆಲವನ್ನು ನಾವು ಕಡತದಲ್ಲಿ ಖರಾಬು ಎಂದು ಬರೆದುಕೊಂಡಿದ್ದೇವೆ. ಕಾಡು ಕಡಿದರೆ ಕೇಳುವವರಿದ್ದಾರೆ, ಬಯಲು ಹೋದರೆ ಹೋಯಿತೆಂದೂ ತಿಳಿಯುವುದಿಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ಮಳೆ ನಂಬಿ ಸೋತ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಎಂದು ನಿಗದಿಯಾಯಿತು, ನಾಡಿಗೆ ಕರೆಂಟು ಬಂತು. ಎರಡೂ ಬೇಕಾದವೇ. ಆದರೆ ಅಷ್ಟು ಬಯಲಿನಲ್ಲಿ ನೆಲಕ್ಕೆ ಮೊಟ್ಟೆಯಿಡುವ ಯಾವ ಯಾವ ಹಕ್ಕಿ ಇದ್ದವೆಂಬ ಪಟ್ಟಿಯೂ ಆ ಲೆಕ್ಕದೊಳಗೆ ಸೇರಬೇಕು. ಮೈದನಹಳ್ಳಿಯ 798 ಎಕರೆಯನ್ನು ಸರ್ಕಾರ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಎಂದು ಘೋಷಿಸಿತು. ಕೊಂಬಿನ ಚೆಲುವ ಕೃಷ್ಣಮೃಗದ ಹೆಸರಿನಲ್ಲಿ ಉಳಿದ ಆ ಹುಲ್ಲುಗಾವಲು ನೆಲಕ್ಕೆ ಮೊಟ್ಟೆಯಿಡುವ ಸಣ್ಣಪುಟ್ಟ ಹಕ್ಕಿಗಳಿಗೂ ಆಸರೆ. ಪಾವಗಡದ ಕಡೆಯ ನಿಡುಗಲ್ಲಿನ ಕೋಟೆ ನೋಡಲು ಬರುವವರು ಬೆಟ್ಟ ಹತ್ತಿ ಇಳಿದು ಹೋಗುತ್ತಾರೆ, ಬೆಟ್ಟದ ಬುಡದ ಬಯಲಿನ ಕಡೆ ತಿರುಗಿ ನೋಡುವವರು ಕಡಿಮೆ.

ಟಿಟ್ಟಿಭ ಅಳಿವಿನ ಅಂಚಿನ ಹಕ್ಕಿಯಲ್ಲ ಎನ್ನುವುದು ನೆಮ್ಮದಿಯ ಮಾತು. ಮೊಟ್ಟೆ ಹೋದರೆ ಇನ್ನೊಮ್ಮೆ ಇಡುತ್ತದೆ. ತಾರಸಿಯ ಮೇಲೆ, ರೈಲು ಹಳಿಗಳ ನಡುವಿನ ಜಲ್ಲಿಯಲ್ಲೂ ಇಟ್ಟದ್ದಿದೆ. ರೈಲು ಬಂದಾಗ ಎದ್ದು, ಹೋದ ಮೇಲೆ ಮತ್ತೆ ಬಂದು ಕೂರುತ್ತದೆ! ನಮ್ಮ ನಾಲ್ಕನೆಯದು ನಾಯಿಯಿಂದ, ಟ್ರ್ಯಾಕ್ಟರಿನಿಂದ ಬಚಾವಾದರೆ ಐದಾರು ವಾರಕ್ಕೆ ರೆಕ್ಕೆ ಬಲಿತು ಹಾರುತ್ತದೆ.

ಅದು ಹಾರುವಷ್ಟು ದಿನ ಬದುಕಲು ನೀವು ಮಾಡಬಹುದಾದದ್ದು ಸ್ವಲ್ಪ ಇದೆ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕೂಗಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲಿದೆ ಎಂದು ತಿಳಿಯಿರಿ, ಹುಡುಕಲು ಹೋಗಬೇಡಿ. ಕಾಲಿಟ್ಟ ಜಾಗ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಒಂಟಿ ಮರಿ ಸಿಕ್ಕಿದರೆ ‘ಪಾಪ, ತಪ್ಪಿಸಿಕೊಂಡಿದೆ’ ಎಂದು ಮನೆಗೆ ತರಬೇಡಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಹೊಲದಲ್ಲಿ ಮೊಟ್ಟೆ ಕಂಡಿದ್ದರೆ ನಾಲ್ಕು ಮಾರು ದೂರದಲ್ಲಿ ಎರಡು ಕಡ್ಡಿ ನೆಟ್ಟು ಬಟ್ಟೆ ಚೂರು ಕಟ್ಟಿ, ಟ್ರ್ಯಾಕ್ಟರಿನವರಿಗೆ ಮೊದಲೇ ಹೇಳಿ. ಅಷ್ಟು ಜಾಗವನ್ನು ಒಂದು ತಿಂಗಳು ಬಿಟ್ಟು ಉತ್ತರೆ ಇಳುವರಿಗೆ ಏನೂ ಆಗುವುದಿಲ್ಲ. ಫೋಟೋ ತೆಗೆಯುವ ಆಸೆಯಿದ್ದರೆ ಬೆಳಗಿನ ತಂಪಿನಲ್ಲಿ ದೂರದಿಂದ ತೆಗೆದು ಹೊರಟುಬಿಡಿ. ನೀವು ಅಲ್ಲಿ ನಿಂತಿರುವಷ್ಟು ಹೊತ್ತೂ ಮೊಟ್ಟೆಯ ಮೇಲೆ ಬಿಸಿಲು ಬೀಳುತ್ತಿರುತ್ತದೆ.